‘ತುಂಬಾ ಒಳ್ಳೆಯದು’ ಎನ್ನುತ್ತಾರೆ, ಮತ್ತೆ ಬರುವುದಿಲ್ಲ

ಪ್ರಶ್ನೆ: ನಾವು ಶಿರಾ ತಾಲ್ಲೂಕಿನ ಹನ್ನೆರಡು ಮಹಿಳೆಯರ ಸ್ವಸಹಾಯ ಸಂಘದವರು. ಮೂರು ವರ್ಷಗಳಿಂದ ನವಣೆ ಅಕ್ಕಿ, ಕೊರಲೆ ಅಕ್ಕಿ ಮತ್ತು ಸಿರಿಧಾನ್ಯದ ದೋಸೆ ಮಿಕ್ಸ್ ತಯಾರಿಸಿ ತುಮಕೂರು, ಬೆಂಗಳೂರಿನ ಮೇಳಗಳಲ್ಲಿ ಮಾರುತ್ತಿದ್ದೇವೆ. ಮಳಿಗೆಗೆ ಬಂದವರೆಲ್ಲ ರುಚಿ ನೋಡಿ ‘ತುಂಬಾ ಒಳ್ಳೆಯದು’ ಎನ್ನುತ್ತಾರೆ, ಒಂದು ಕೆಜಿ ಪೊಟ್ಟಣ ಕೊಳ್ಳುತ್ತಾರೆ. ಆದರೆ ಫೋನ್ ನಂಬರ್ ಕೊಟ್ಟರೂ ಎರಡನೇ ಸಲ ಕೇಳುವವರು ತೀರಾ ಕಡಿಮೆ. ಪ್ರಚಾರಕ್ಕೆಂದು 20,000 ರೂಪಾಯಿ ತೆಗೆದಿಟ್ಟಿದ್ದೇವೆ. ಪೊಟ್ಟಣದ ಮೇಲೆ ‘ಸಕ್ಕರೆ ಕಾಯಿಲೆ, ಬಿಪಿಗೆ ರಾಮಬಾಣ’ ಎಂದು ದೊಡ್ಡದಾಗಿ ಹಾಕಿಸಿ, ಫ್ಲೆಕ್ಸ್ ಕಟ್ಟಿಸೋಣ ಎಂದು ಕೆಲವರು ಹೇಳುತ್ತಿದ್ದಾರೆ. ಎಲ್ಲರೂ ಒಳ್ಳೆಯದು ಎನ್ನುವಾಗ ಅವರ ಮನಸ್ಸಿನಲ್ಲಿ ಇನ್ನೇನು ಬದಲಾಗಬೇಕು? ಅದನ್ನು ಬದಲಾಯಿಸುವುದು ಹೇಗೆ?

ಉತ್ತರ: ಮೊದಲು ಆ ‘ಒಳ್ಳೆಯದು’ ಎಂಬ ಮಾತನ್ನೇ ಸ್ವಲ್ಪ ಅನುಮಾನದಿಂದ ನೋಡೋಣ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಅವರು ಹೇಳುತ್ತಿರುವುದು ನಿಜವೇ, ಆದರೆ ಅದು ನೀವು ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರವಲ್ಲ.

ಗ್ರಾಹಕರ ನಡವಳಿಕೆಯನ್ನು ಅಭ್ಯಾಸ ಮಾಡುವವರು ‘ಧೋರಣೆ’ ಎಂದು ಕರೆಯುವುದು ಒಂದು ವಸ್ತುವಿನ ಬಗ್ಗೆ ಅನುಭವದಿಂದಲೋ ಕೇಳಿ ತಿಳಿದದ್ದರಿಂದಲೋ ಮನಸ್ಸಿನಲ್ಲಿ ನೆಲೆಯಾದ, ಸುಲಭಕ್ಕೆ ಅಲುಗದ ಒಲವನ್ನು ಅಥವಾ ಒಲ್ಲದಿರುವಿಕೆಯನ್ನು. ಅದರಲ್ಲಿ ತಿಳಿವಳಿಕೆಯ ಭಾಗವೊಂದಿದೆ, ಭಾವನೆಯ ಭಾಗವೊಂದಿದೆ, ಕೈ ಯಾವ ಕಡೆಗೆ ಹೋಗುತ್ತದೆ ಎಂಬ ಭಾಗವೊಂದಿದೆ. ಈ ಮೂರೂ ಒಂದೇ ದಿಕ್ಕಿಗೆ ಎಳೆಯಬೇಕೆಂಬ ನಿಯಮವೇನೂ ಇಲ್ಲ. ನವಣೆ ದೇಹಕ್ಕೆ ಹಿತವೆಂದು ತಿಳಿದಿರುವ, ಅದರ ಬಗ್ಗೆ ಗೌರವವನ್ನೂ ಇಟ್ಟುಕೊಂಡಿರುವ ಮನುಷ್ಯನ ಕೈ ಬೆಳಗಾದರೆ ಸೋನಾ ಮಸೂರಿಯ ಡಬ್ಬಿಗೇ ಹೋಗುತ್ತದೆ. ಬಾಯಿ ಆಡುವುದಕ್ಕೂ ಕೈ ಮಾಡುವುದಕ್ಕೂ ಇರುವ ಈ ಅಂತರ ಹೊಸದಲ್ಲ. 1934ರಲ್ಲಿ ರಿಚರ್ಡ್ ಲಾಪಿಯರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಇದನ್ನು ವಿಚಿತ್ರವಾದ ರೀತಿಯಲ್ಲಿ ತೋರಿಸಿದ. ಚೀನೀಯರ ಬಗ್ಗೆ ಅಸಹನೆ ದಟ್ಟವಾಗಿದ್ದ ಆ ಕಾಲದಲ್ಲಿ ಅವನು ಚೀನೀ ದಂಪತಿಯೊಡನೆ ದೇಶವೆಲ್ಲ ಸುತ್ತಿ 251 ಹೋಟೆಲು, ವಸತಿಗೃಹಗಳಿಗೆ ಹೋದ. ಒಂದೇ ಒಂದು ಕಡೆ ಮಾತ್ರ ಅವರನ್ನು ವಾಪಸು ಕಳಿಸಿದರು. ಆಮೇಲೆ ಅದೇ ಜಾಗಗಳಿಗೆ ‘ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ’ ಎಂದು ಪತ್ರ ಬರೆದು ಕೇಳಿದಾಗ, ಉತ್ತರ ಕೊಟ್ಟವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಲ್ಲವೆಂದರು. ನಿಮ್ಮ ಸ್ಥಿತಿ ಅದರ ತಿರುವು ಮುರುವು: ಕೇಳಿದರೆ ಹೌದು, ಮಾಡುವಾಗ ಇಲ್ಲ.

ಈ ಗಂಟನ್ನು ಬಿಡಿಸಿದವರಲ್ಲಿ ಮಾರ್ಟಿನ್ ಫಿಶ್‌ಬೈನ್ ಮತ್ತು ಐಸೆಕ್ ಐಜೆನ್ ಎಂಬ ಮನಶ್ಶಾಸ್ತ್ರಜ್ಞರು ಮುಖ್ಯರು. ವಸ್ತುವಿನ ಬಗೆಗಿನ ಧೋರಣೆ ಬೇರೆ, ಆ ವಸ್ತುವನ್ನು ಕೊಂಡು ಬಳಸುವ ಕೆಲಸದ ಬಗೆಗಿನ ಧೋರಣೆ ಬೇರೆ. ಕೊಳ್ಳುವಿಕೆಯನ್ನು ಮುಂಗಾಣಬೇಕಾದರೆ ಎರಡನೆಯದನ್ನೇ ಕೇಳಬೇಕು ಎಂಬುದು ಅವರ ಮಾತಿನ ತಿರುಳು. ‘ನವಣೆ ಹೇಗೆ?’ ಎಂದರೆ ಒಂದು ಉತ್ತರ. ‘ಬರುವ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ, ಮಕ್ಕಳ ಡಬ್ಬಿಗೆ ಹಾಕುವಾಗ, ನವಣೆ ಬೇಯಿಸುವುದು ಹೇಗೆ?’ ಎಂದರೆ ಅದೇ ಬಾಯಿಂದ ಬೇರೆಯೇ ಉತ್ತರ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಮೇಳದಲ್ಲಿ ನಾನು ಬೇರೊಂದು ಸಂಘದ ಮಳಿಗೆಯ ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದೆ. ಮಧ್ಯವಯಸ್ಸಿನ ಒಬ್ಬರು ಕೊರಲೆಯ ಬಿಸಿಬೇಳೆಬಾತನ್ನು ಎರಡು ಚಮಚ ತಿಂದು, ಕಣ್ಣರಳಿಸಿ, ‘ಅನ್ನದ್ದಲ್ಲ ಅಂತ ಗೊತ್ತೇ ಆಗಲ್ಲ’ ಎಂದರು. ಒಂದು ಕೆಜಿ ಕೊಂಡರು. ಚೀಲಕ್ಕೆ ಹಾಕಿಕೊಳ್ಳುವಾಗ ಕೇಳಿದರು: ‘ನೀರು ಎಷ್ಟು ಹಾಕ್ಬೇಕಮ್ಮ?’ ಮಳಿಗೆಯಲ್ಲಿದ್ದ ಹುಡುಗಿ ಗಿರಾಕಿಗಳ ನೂಕುನುಗ್ಗಲಿನಲ್ಲಿ ‘ಅನ್ನಕ್ಕೆ ಹಾಕ್ದಂಗೇ ಹಾಕಿ ಆಂಟಿ’ ಎಂದಳು. ನನ್ನ ಅಂದಾಜಿನಲ್ಲಿ ಆ ಗ್ರಾಹಕಿಯನ್ನು ಆ ಸಂಘ ಕಳೆದುಕೊಂಡದ್ದು ಅದೇ ಗಳಿಗೆಯಲ್ಲಿ. ನೆನೆಸದೆ, ಅಕ್ಕಿಯ ಅಳತೆಗೇ ನೀರಿಟ್ಟು ಕುಕ್ಕರ್ ಕೂಗಿಸಿದರೆ ಆ ಧಾನ್ಯ ಒಂದು ಕಡೆ ಗಂಟು, ಇನ್ನೊಂದು ಕಡೆ ಬಿರುಸು. ಮಕ್ಕಳು ಎರಡು ತುತ್ತು ತಿಂದು ತಟ್ಟೆ ಸರಿಸಿರಬೇಕು, ಪೊಟ್ಟಣದ ಬಾಯಿಗೆ ರಬ್ಬರ್ ಬ್ಯಾಂಡು ಬಿದ್ದು ಅದು ಅಟ್ಟದ ಡಬ್ಬಿಯ ಹಿಂದೆ ಸೇರಿರಬೇಕು, ಎರಡು ತಿಂಗಳಲ್ಲಿ ಅದರಲ್ಲಿ ಹುಳ ಆಡಿರಬೇಕು. ಆಕೆಯನ್ನು ಇವತ್ತು ಕೇಳಿದರೂ ಸಿರಿಧಾನ್ಯ ತುಂಬಾ ಒಳ್ಳೆಯದೆಂದೇ ಹೇಳುತ್ತಾರೆ.

ಇದನ್ನು ಲೆಕ್ಕದಲ್ಲಿ ಇಟ್ಟು ನೋಡುವ ಒಂದು ಪದ್ಧತಿಯನ್ನು ಫಿಶ್‌ಬೈನ್ 1960ರ ದಶಕದಲ್ಲೇ ಕೊಟ್ಟಿದ್ದಾನೆ. ಒಂದು ವಸ್ತುವಿಗೆ ಇಂಥ ಗುಣವಿದೆ ಎಂಬ ನಂಬಿಕೆ ಎಷ್ಟು ಗಟ್ಟಿ, ಆ ಗುಣ ನಮಗೆ ಎಷ್ಟು ಬೇಕಾದದ್ದು ಅಥವಾ ಬೇಡವಾದದ್ದು, ಇವೆರಡನ್ನೂ ಗುಣಿಸಿ, ಎಲ್ಲ ಗುಣಗಳನ್ನೂ ಕೂಡಿದರೆ ಧೋರಣೆಯ ಅಂದಾಜು ಸಿಗುತ್ತದೆ. ನಿಮ್ಮ ಒಬ್ಬ ಗ್ರಾಹಕಿಯ ಮನಸ್ಸನ್ನು ಕಲ್ಪಿಸಿಕೊಳ್ಳಿ. ನಂಬಿಕೆಗೆ ಸೊನ್ನೆಯಿಂದ ಮೂರು, ಬೇಕು ಬೇಡಗಳಿಗೆ ಮೈನಸ್ ಮೂರರಿಂದ ಪ್ಲಸ್ ಮೂರು ಅಂಕ ಕೊಡೋಣ. ನವಣೆ ಆರೋಗ್ಯಕ್ಕೆ ಹಿತ ಎಂಬ ನಂಬಿಕೆ ಪೂರ್ತಿ 3, ಆರೋಗ್ಯ ಆಕೆಗೆ ಬೇಕಾದದ್ದು ಪೂರ್ತಿ 3, ಗುಣಿಸಿದರೆ 9. ಬೇಯಿಸುವುದು ರೇಜಿಗೆ ಎಂಬ ನಂಬಿಕೆ 3, ರೇಜಿಗೆಯ ಬಗ್ಗೆ ಬೇಸರ ಮೈನಸ್ 2; ಮೈನಸ್ 6. ಮಕ್ಕಳು ತಿನ್ನುವುದಿಲ್ಲ ಎಂಬ ನಂಬಿಕೆ 2, ಅದರ ಸಂಕಟ ಮೈನಸ್ 3. ಇದೂ ಮೈನಸ್ 6. ಬೆಲೆ ಹೆಚ್ಚು ಎಂಬ ನಂಬಿಕೆ 3, ಅದರ ಬಗ್ಗೆ ಅಸಮಾಧಾನ ಅಷ್ಟೇನಿಲ್ಲ, ಮೈನಸ್ 1; ಗುಣಿಸಿದರೆ ಮೈನಸ್ 3. ಎಲ್ಲ ಕೂಡಿದರೆ ಬರುವುದು ಮೈನಸ್ 6.

ಈಗ ಎರಡು ಸಂಗತಿ ಗಮನಿಸಿ. ಮೇಳದಲ್ಲಿ ‘ಹೇಗಿದೆ’ ಎಂದು ಕೇಳಿದಾಗ ಆಕೆ ಓದಿ ಹೇಳುವುದು ಮೊದಲನೆಯ ಸಾಲನ್ನು ಮಾತ್ರ. ಉಳಿದ ಮೂರು ಸಾಲು ಅಡುಗೆಮನೆಯಲ್ಲಿ ತೆರೆದುಕೊಳ್ಳುತ್ತವೆ. ಎರಡನೆಯದು ನಿಮ್ಮ 20,000 ರೂಪಾಯಿಗೆ ನೇರವಾಗಿ ಸಂಬಂಧಪಟ್ಟದ್ದು. ಆರೋಗ್ಯದ ಸಾಲು ಈಗಾಗಲೇ ಒಂಬತ್ತಕ್ಕೆ ಒಂಬತ್ತು ತುಂಬಿದೆ. ಅಲ್ಲಿ ಇನ್ನೊಂದು ಅಂಕಕ್ಕೂ ಜಾಗವಿಲ್ಲ. ಫ್ಲೆಕ್ಸು ಕಟ್ಟಿಸಿ ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಕೂಗುವುದು ತುಂಬಿದ ಬಿಂದಿಗೆಗೆ ನೀರು ಹೊಯ್ದಂತೆ. ಬದಲಿಗೆ, ಸರಿಯಾದ ಅಳತೆ, ನೆನೆಸುವ ಹೊತ್ತು ತಿಳಿಸಿ ರೇಜಿಗೆಯ ನಂಬಿಕೆಯನ್ನು ಮೂರರಿಂದ ಒಂದಕ್ಕೆ ಇಳಿಸಿದರೆ ಆ ಸಾಲು ಮೈನಸ್ 2 ಆಗುತ್ತದೆ; ಮಕ್ಕಳಿಗೆ ಅನ್ನದ ಬದಲು ದೋಸೆಯ ರೂಪದಲ್ಲಿ ಕೊಡುವಂತೆ ಮಾಡಿ ಆ ಸಾಲನ್ನು ಸೊನ್ನೆಗೆ ತಂದರೆ ಮೊತ್ತ ಪ್ಲಸ್ 4. ಬೆಲೆಯನ್ನು ನೀವು ಮುಟ್ಟಲೇ ಇಲ್ಲ. ಸಣ್ಣ ತಯಾರಕರು ಮಾರಾಟ ಕುಸಿದ ತಕ್ಷಣ ಬೆಲೆ ಇಳಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದು ಹೆಚ್ಚಿನ ಸಲ ತಪ್ಪು ಸಾಲಿಗೆ ಹಾಕಿದ ಕೈ.

ಯಾರೂ ಅಡುಗೆಮನೆಯಲ್ಲಿ ನಿಂತು ಹೀಗೆ ಗುಣಾಕಾರ ಮಾಡುವುದಿಲ್ಲ ಎಂಬುದು ನನಗೂ ಗೊತ್ತು. ಈ ಲೆಕ್ಕದ ಉಪಯೋಗವಿರುವುದು ನಮಗೆ, ಎಲ್ಲಿ ತಡವಬೇಕು ಎಂದು ತಿಳಿಯುವುದಕ್ಕೆ. ಜೊತೆಗೆ, ಇದರೊಳಗೆ ಬಾರದ ಒಂದು ದೊಡ್ಡ ಸಂಗತಿ ಇದೆ: ಒಂದು ಪದಾರ್ಥದ ಬಗೆಗಿನ ಧೋರಣೆ ಎಷ್ಟೋ ಸಲ ಅದನ್ನು ತಿನ್ನುವವರ ಬಗೆಗಿನ ಧೋರಣೆಯೇ ಆಗಿರುತ್ತದೆ. ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ಏಕೆಂದರೆ ಕನಕದಾಸರು ತಮ್ಮ ರಾಮಧಾನ್ಯಚರಿತೆಯಲ್ಲಿ ಇದನ್ನೇ ಕಥೆ ಮಾಡಿದ್ದಾರೆ. ಅಲ್ಲಿ ವ್ರೀಹಿ, ಅಂದರೆ ಭತ್ತ, ಮತ್ತು ನರೆದಲಗ, ಅಂದರೆ ರಾಗಿ, ತಮ್ಮಲ್ಲಿ ಯಾರು ಹೆಚ್ಚು ಎಂದು ರಾಮನ ಸಭೆಯಲ್ಲಿ ಜಗಳಕ್ಕೆ ನಿಲ್ಲುತ್ತವೆ. ಜಗಳ ರುಚಿಯದ್ದಲ್ಲ, ಯಾರ ಮನೆಯ ಅನ್ನ, ಯಾರ ಮನೆಯ ಹಿಟ್ಟು ಎಂಬುದು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ, ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ವಸ್ತುವಿನ ಬಗೆಗಿನ ಧೋರಣೆಯನ್ನು ಬದಲಿಸಲು ಹೊಗಳಿಕೆಗಿಂತ ಪರೀಕ್ಷೆ ಮೇಲು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನ್ನ ಪಠ್ಯಪುಸ್ತಕಗಳಲ್ಲಿ ಸಿಕ್ಕಿಲ್ಲ.

ಹೆಸರಿನ ಮಾತೂ ಇಲ್ಲೇ ಬರುತ್ತದೆ. ನೀವು ಮಾರುತ್ತಿರುವ ಕಾಳುಗಳನ್ನು ಹಿಂದೆ ತೃಣಧಾನ್ಯ ಎನ್ನುತ್ತಿದ್ದರು. ‘ತೃಣಕ್ಕೆ ಸಮಾನ’ ಎಂದು ಬೈಯುವ ಭಾಷೆಯಲ್ಲಿ ಅದು ಎಂಥ ಹೆಸರೆಂದು ಯೋಚಿಸಿ. ಕಿರುಧಾನ್ಯ ಎಂದಾಗ ಬೈಗುಳ ಹೋಯಿತು, ಕಿರಿದೆಂಬುದು ಉಳಿಯಿತು. ಸಿರಿಧಾನ್ಯ ಎಂದ ಮೇಲೆ ಅದೇ ನವಣೆ, ಅದೇ ಸಾಮೆ, ಬಡವರ ಮನೆಯ ಮಡಕೆಯಿಂದ ಮಾಲ್‌ಗಳ ಗಾಜಿನ ಕಪಾಟಿಗೆ ಏರಿದವು. 2018ರಲ್ಲಿ ಕೇಂದ್ರ ಸರ್ಕಾರ ಇವನ್ನು ಪೋಷಕಾಂಶದ ಧಾನ್ಯಗಳೆಂದು ಅಧಿಸೂಚಿಸಿತು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದೇ ವರ್ಷ, ನವಣೆ, ಸಾಮೆ, ಊದಲು, ಹಾರಕ, ಕೊರಲೆಗಳನ್ನು ಆರೋಗ್ಯದ ಮಾತಿನ ಮೂಲಕ ಮನೆಮಾತಾಗಿಸಿದ ಮೈಸೂರಿನ ಡಾ. ಖಾದರ್ ವಲಿ ಅವರಿಗೆ ಪದ್ಮಶ್ರೀ ಬಂದಿತು. ತಿಳಿವಳಿಕೆಯ ಭಾಗದಲ್ಲಿ ಆಗಬೇಕಾದ ಕೆಲಸ ನಿಮ್ಮ ಖರ್ಚಿಲ್ಲದೆಯೇ ಆಗಿಹೋಗಿದೆ ಎಂದು ನಾನು ಹೇಳುವುದು ಇದರಿಂದಲೇ.

ಆದರೆ ಈ ಹೊಸ ಗೌರವದ ಜೊತೆಗೆ ಒಂದು ಹೊಸ ಹಣೆಪಟ್ಟಿಯೂ ಅಂಟಿಕೊಂಡಿತು. ಅದನ್ನು ಕಾಣುವುದಕ್ಕೆ ಒಂದು ಹಳೆಯ ಉಪಾಯವಿದೆ. 1950ರಲ್ಲಿ ಮೇಸನ್ ಹೇರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇನ್‌ಸ್ಟಂಟ್ ಕಾಫಿಯನ್ನು ಗೃಹಿಣಿಯರು ಏಕೆ ಒಲ್ಲರು ಎಂದು ತಿಳಿಯಲು ಹೊರಟ. ನೇರವಾಗಿ ಕೇಳಿದರೆ ‘ರುಚಿ ಇಲ್ಲ’ ಎನ್ನುತ್ತಿದ್ದರು. ಅವನು ಏಳು ಸಾಮಾನುಗಳ ಎರಡು ದಿನಸಿ ಚೀಟಿ ಬರೆದ. ಆರು ಸಾಮಾನು ಎರಡರಲ್ಲೂ ಒಂದೇ. ಒಂದರಲ್ಲಿ ನೆಸ್‌ಕೆಫೆ ಇನ್‌ಸ್ಟಂಟ್, ಇನ್ನೊಂದರಲ್ಲಿ ಮ್ಯಾಕ್ಸ್‌ವೆಲ್ ಹೌಸ್‌ನ ಕಾಫಿಪುಡಿ. ಒಬ್ಬೊಬ್ಬರಿಗೆ ಒಂದೇ ಚೀಟಿ ತೋರಿಸಿ, ಇದನ್ನು ಬರೆದ ಹೆಂಗಸು ಎಂಥವಳೆಂದು ಹೇಳಿ ಎಂದ. ನೆಸ್‌ಕೆಫೆ ಚೀಟಿ ನೋಡಿದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಅವಳನ್ನು ಸೋಮಾರಿ ಎಂದರು. ಮನೆವಾರ್ತೆ ನೆಟ್ಟಗೆ ನಡೆಸಲು ಬಾರದವಳೆಂದೂ ಅಷ್ಟೇ ಮಂದಿ ಹೇಳಿದರು. ರುಚಿ ಬರಿಯ ನೆಪ. ಅಡ್ಡಬಂದದ್ದು ‘ನನ್ನನ್ನು ಏನೆಂದುಕೊಂಡಾರು’ ಎಂಬ ಅಂಜಿಕೆ. ಕುತೂಹಲದ ಸಂಗತಿಯೆಂದರೆ, 1970ರಲ್ಲಿ ಇದೇ ಪರೀಕ್ಷೆಯನ್ನು ಬೇರೆಯವರು ಮತ್ತೆ ಮಾಡಿದಾಗ ಆ ಕಳಂಕ ಹೆಚ್ಚುಕಡಿಮೆ ಕರಗಿಹೋಗಿತ್ತು. ಆ ಇಪ್ಪತ್ತು ವರ್ಷಗಳಲ್ಲಿ ಜಾಹೀರಾತು ಬೇಕಾದಷ್ಟು ಬಂದಿತ್ತು, ನಿಜ. ಆದರೆ ಪಕ್ಕದ ಮನೆಯವಳ ಕಪಾಟಿನಲ್ಲೂ ಅದೇ ಡಬ್ಬಿ ಕಂಡದ್ದು ಅದಕ್ಕಿಂತ ಹೆಚ್ಚಿನ ಕೆಲಸ ಮಾಡಿತೆಂದು ನಾನು ನಂಬುತ್ತೇನೆ. ನಮ್ಮಲ್ಲಿ ಅಂಗಡಿಯ ದೋಸೆಹಿಟ್ಟಿನ ಪೊಟ್ಟಣವನ್ನು ಸೆರಗಿನ ಮರೆಯಲ್ಲಿ ತರುತ್ತಿದ್ದ ಕಾಲ ಹೋಗಿ, ಈಗ ‘ಯಾವ ಅಂಗಡಿದು ಚೆನ್ನಾಗಿರತ್ತೆ’ ಎಂದು ಅತ್ತೆಯರೇ ಕೇಳುವ ಕಾಲ ಬಂದಿಲ್ಲವೇ?

ನೀವೂ ಇದನ್ನು ಮಾಡಿ ನೋಡಿ, ಖರ್ಚಿಲ್ಲ. ತೊಗರಿಬೇಳೆ, ಕಡಲೆಕಾಯಿ ಎಣ್ಣೆ, ಬೆಲ್ಲ, ಹುಣಸೆಹಣ್ಣು, ಸೋಪು ಎಂದು ಎರಡು ಚೀಟಿ ಬರೆದು, ಒಂದಕ್ಕೆ ಒಂದು ಕೆಜಿ ಸೋನಾ ಮಸೂರಿ, ಇನ್ನೊಂದಕ್ಕೆ ಒಂದು ಕೆಜಿ ನವಣೆ ಸೇರಿಸಿ, ಬೆಂಗಳೂರಿನಲ್ಲಿರುವ ನಿಮ್ಮ ನೆಂಟರಿಗೆ ತೋರಿಸಿ ಇದು ಎಂಥವರ ಮನೆಯ ಚೀಟಿ ಎಂದು ಕೇಳಿ. ನನ್ನ ಊಹೆ ಇದು: ನವಣೆಯ ಚೀಟಿಗೆ ‘ಆ ಮನೆಯಲ್ಲಿ ಯಾರಿಗೋ ಶುಗರ್ ಇದೆ’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ.

ನಿಮ್ಮ ತೊಡಕಿನ ಬೇರು ಇಲ್ಲಿದೆ ಎಂದು ನನಗೆ ಅನಿಸುತ್ತದೆ. ಜನ ನಿಮ್ಮ ನವಣೆಯನ್ನು ಊಟದ ಸಾಲಿನಲ್ಲಿ ಇಟ್ಟಿಲ್ಲ, ಪಥ್ಯದ ಸಾಲಿನಲ್ಲಿ ಇಟ್ಟಿದ್ದಾರೆ. ಪಥ್ಯದ ಬಗ್ಗೆ ನಮ್ಮವರಿಗೆ ಅಪಾರ ಗೌರವವಿದೆ, ಆದರೆ ಪಥ್ಯವೆಂದರೆ ಯಾರೋ ಹೇಳಿದ್ದಕ್ಕೆ ಕೆಲವು ದಿನ ಮಾಡಿ, ಸ್ವಲ್ಪ ಚೇತರಿಸಿಕೊಂಡೊಡನೆ ಬಿಡುವಂಥದ್ದು. ಅದು ಮನೆಯಲ್ಲಿ ಒಬ್ಬರ ತಟ್ಟೆಗೆ ಮಾತ್ರ ಬೀಳುತ್ತದೆ. ಆ ಒಬ್ಬರಿಗಾಗಿ ಬೇರೆ ಪಾತ್ರೆ, ಬೇರೆ ಒಲೆ. ಅಡುಗೆ ಮಾಡುವವರಿಗೆ ಅದು ಎರಡನೇ ಅಡುಗೆ. ಮನೆಗೆ ನೆಂಟರು ಬಂದ ದಿನ ಅದು ರದ್ದಾಗುತ್ತದೆ. ನಿಮ್ಮ ಊರಿನಲ್ಲೇ ರಾಗಿಮುದ್ದೆಯನ್ನು ನೋಡಿ. ಅದರಲ್ಲಿ ಸುಣ್ಣದ ಅಂಶ ಹೇರಳವಾಗಿದೆ ಎಂದು ಯಾರೂ ಭಾಷಣ ಮಾಡಬೇಕಾಗಿಲ್ಲ. ಉಪ್ಪುಸಾರಿಗೆ ಅದೇ ಸರಿ ಎಂದು ತಿನ್ನುತ್ತಾರೆ. ಡೇನಿಯಲ್ ಕ್ಯಾಟ್ಜ್ ಎಂಬ ಮನಶ್ಶಾಸ್ತ್ರಜ್ಞ 1960ರಲ್ಲಿ ಹೇಳಿದ ಮಾತು ಇಲ್ಲಿ ನೆರವಿಗೆ ಬರುತ್ತದೆ: ಒಂದು ಧೋರಣೆಯನ್ನು ಬದಲಿಸುವ ಮೊದಲು ಅದು ಆ ಮನುಷ್ಯನಿಗೆ ಯಾವ ಕೆಲಸ ಮಾಡಿಕೊಡುತ್ತಿದೆ ಎಂದು ನೋಡಬೇಕು. ಲಾಭನಷ್ಟಕ್ಕಾಗಿ ಹಿಡಿದ ಧೋರಣೆ, ತಾನು ಇಂಥವನೆಂದು ತೋರಿಸಿಕೊಳ್ಳಲು ಹಿಡಿದ ಧೋರಣೆ, ಅಳುಕನ್ನು ಮುಚ್ಚಿಕೊಳ್ಳಲು ಹಿಡಿದ ಧೋರಣೆ, ಲೋಕವನ್ನು ಅರ್ಥಮಾಡಿಕೊಳ್ಳಲು ಹಿಡಿದ ಧೋರಣೆ, ಇವಕ್ಕೆ ಮದ್ದು ಬೇರೆ ಬೇರೆ. ಮೇಳದಲ್ಲಿ ಒಂದು ಕೆಜಿ ಕೊಳ್ಳುವ ಎಷ್ಟೋ ಜನರಿಗೆ ಆ ಕೊಳ್ಳುವಿಕೆಯೇ ಒಂದು ಸಮಾಧಾನ; ‘ನಾನೂ ಆರೋಗ್ಯದ ಕಡೆ ಗಮನ ಕೊಡುತ್ತಿದ್ದೇನೆ’ ಎಂದು ತಮಗೆ ತಾವೇ ಹೇಳಿಕೊಂಡಾಯಿತು. ಪೊಟ್ಟಣ ಒಡೆಯುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ.

ಆದ್ದರಿಂದ ‘ರಾಮಬಾಣ’ದ ಯೋಚನೆಯನ್ನು ದಯವಿಟ್ಟು ಬಿಡಿ. ಕಾನೂನಿನ ಮಾತು ಮೊದಲು: ಮಧುಮೇಹವೂ ರಕ್ತದೊತ್ತಡವೂ ಸೇರಿದಂತೆ ಹಲವು ಕಾಯಿಲೆಗಳಿಗೆ ಮದ್ದೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ, ಆಹಾರ ಪದಾರ್ಥ ರೋಗವನ್ನು ವಾಸಿ ಮಾಡುತ್ತದೆ ಎಂದು ಹೇಳಿಕೊಳ್ಳಲು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲೂ ಅವಕಾಶವಿಲ್ಲ. ಕಾನೂನು ಇಲ್ಲದಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಆ ಅಕ್ಷರಗಳು ದೊಡ್ಡದಾದಷ್ಟೂ ಪಥ್ಯದ ಹಣೆಪಟ್ಟಿ ಗಟ್ಟಿಯಾಗುತ್ತದೆ. ಮಾತ್ರೆ ಬಿಟ್ಟು ನಿಮ್ಮ ನವಣೆ ಹಿಡಿದ ಒಬ್ಬರಿಗೆ ಸಕ್ಕರೆ ಏರಿತೆಂದರೆ ಆಗುವ ಅನಾಹುತದ ಮಾತು ಬೇರೆಯೇ.

ಇನ್ನು ಪ್ರಚಾರ ಕೆಲಸ ಮಾಡುವ ಬಗೆಯ ಬಗ್ಗೆ ಎರಡು ಮಾತು. ರಿಚರ್ಡ್ ಪೆಟ್ಟಿ ಮತ್ತು ಜಾನ್ ಕ್ಯಾಸಿಯೊಪ್ಪೊ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ವಿವರಿಸಿದಂತೆ ಮನವೊಲಿಕೆಗೆ ಎರಡು ದಾರಿಗಳಿವೆ. ವಿಷಯ ತನಗೆ ತೀರಾ ಮುಖ್ಯವೆಂದುಕೊಂಡವರು ವಾದವನ್ನು ತೂಗಿ ನೋಡುತ್ತಾರೆ. ಅಷ್ಟು ಮುಖ್ಯವೆಂದುಕೊಳ್ಳದವರು ಪೊಟ್ಟಣದ ಅಂದ, ಮಾರುವವರ ಮುಖ, ಅಂಗಡಿಯ ಮುಂದಿನ ಜನಸಂದಣಿ ನೋಡಿ ತೀರ್ಮಾನಿಸುತ್ತಾರೆ. ಸಕ್ಕರೆ ಕಾಯಿಲೆ ಇರುವವರು ನಿಮ್ಮ ಪೊಟ್ಟಣದ ಹಿಂಭಾಗವನ್ನು ಕನ್ನಡಕ ಹಾಕಿಕೊಂಡು ಓದುತ್ತಾರೆ. ಅವರಿಗಾಗಿ ನಾರಿನ ಪ್ರಮಾಣ, ಎಷ್ಟು ಪಾಲಿಶ್ ಮಾಡಿದ್ದೀರಿ, ಯಾವ ತಿಂಗಳ ಫಸಲು ಎಂಬುದನ್ನು ಸಣ್ಣ ಅಕ್ಷರದಲ್ಲಾದರೂ ಸರಿಯಾಗಿ ಬರೆಯಿರಿ. ಉಳಿದವರಿಗೆ ಪೊಟ್ಟಣದ ಮುಂಭಾಗದಲ್ಲಿ ವೈದ್ಯರ ಸ್ಟೆತಸ್ಕೋಪಿನ ಚಿತ್ರಕ್ಕಿಂತ ಚಟ್ನಿಯ ಜೊತೆ ಗರಿಗರಿಯಾದ ದೋಸೆಯ ಚಿತ್ರ ಮೇಲು.

ಯಾವ ದಾರಿಯಲ್ಲಿ ಬಂದರೂ, ಕೇಳಿ ಕಟ್ಟಿಕೊಂಡ ಧೋರಣೆಗಿಂತ ತಾನೇ ಬಳಸಿ ಕಟ್ಟಿಕೊಂಡ ಧೋರಣೆ ಗಟ್ಟಿ, ಮತ್ತು ನಡವಳಿಕೆಯನ್ನು ಹೆಚ್ಚು ನೆಚ್ಚಿಕೆಯಿಂದ ಮುಂತಿಳಿಸುತ್ತದೆ. ರಸೆಲ್ ಫೇಜಿಯೊ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವನ ಜೊತೆಗಾರರು ಇದನ್ನು ಮತ್ತೆ ಮತ್ತೆ ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ ಮ್ಯಾಗಿ. 2015ರ ಜೂನ್‌ನಲ್ಲಿ, ಸೀಸದ ಪ್ರಮಾಣ ಮಿತಿಮೀರಿದೆ, ಮೊನೊಸೋಡಿಯಂ ಗ್ಲುಟಮೇಟಿನ ಬಗ್ಗೆ ಪೊಟ್ಟಣದ ಮೇಲೆ ದಾರಿತಪ್ಪಿಸುವ ಬರಹವಿದೆ ಎಂಬ ಕಾರಣಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಸಿತು. ಮುಚ್ಚಿದ ಅಧ್ಯಾಯವೆಂದೇ ಬಹಳ ಜನ ತಿಳಿದರು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟು ಆ ಆದೇಶವನ್ನು ರದ್ದುಮಾಡಿ ಮೂರು ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆಗೆ ಹೇಳಿತು. ಅದರಲ್ಲಿ ಸೀಸ ಮಿತಿಯೊಳಗಿದೆ ಎಂದು ಬಂದ ಮೇಲೆ ನಮ್ಮ ನಂಜನಗೂಡಿನದೂ ಸೇರಿದಂತೆ ಕಾರ್ಖಾನೆಗಳು ಮತ್ತೆ ಶುರುವಾಗಿ, ನವೆಂಬರಿನಲ್ಲಿ ಪೊಟ್ಟಣಗಳು ಅಂಗಡಿಗೆ ಬಂದವು. ಸೀಸದಂಥ ಹೆದರಿಕೆಯ ಸುದ್ದಿ ತಿಂಗಳುಗಟ್ಟಲೆ ಟೀವಿಯಲ್ಲಿ ಓಡಿದರೂ ಅದು ಬೇಗನೆ ತನ್ನ ಮೊದಲ ಸ್ಥಾನಕ್ಕೆ ಮರಳಿತು. ಏಕೆಂದರೆ 1980ರ ದಶಕದಿಂದ ಬಂದ ಅದರ ಬಗೆಗಿನ ಧೋರಣೆಯನ್ನು ಜನ ಟೀವಿಯಿಂದ ಕಲಿತಿರಲಿಲ್ಲ. ಶಾಲೆಯಿಂದ ಬಂದ ಸಂಜೆಗಳಲ್ಲಿ, ಹಾಸ್ಟೆಲಿನ ಕೆಟಲ್‌ಗಳಲ್ಲಿ, ತಾವೇ ಕುದಿಸಿ ಕಲಿತಿದ್ದರು. ಮ್ಯಾಗಿ ಒಳ್ಳೆಯದೆಂದು ಎದೆ ತಟ್ಟಿ ಹೇಳಿದವರನ್ನು ನಾನು ಕಂಡಿಲ್ಲ, ಆದರೂ ಮತ್ತೆ ಕೊಂಡರು. ನಿಮ್ಮ ನವಣೆಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಸ್ವಂತ ಅನುಭವದ ಈ ಬಲ ಎರಡೂ ಕಡೆ ಕೊಯ್ಯುವ ಗರಗಸ. ನಮ್ಮ ಮನೆಯಲ್ಲಿ ಬರಗು ಒಂದು ಅಂಗಡಿಯಿಂದ ಒಮ್ಮೆ ಬಂದಿತ್ತು. ಮೊದಲ ತುತ್ತಿಗೇ ಕಲ್ಲು ಸಿಕ್ಕಿತು. ಆರು ವರ್ಷವಾಯಿತು, ಬರಗು ಎಂದರೆ ನನ್ನ ಹೆಂಡತಿ ಇವತ್ತಿಗೂ ಹಲ್ಲು ಮುಟ್ಟಿ ನೋಡಿಕೊಳ್ಳುತ್ತಾಳೆ. ಆ ಅಂಗಡಿಯವರ ಹೆಸರು ನಮಗೆ ಮರೆತುಹೋಗಿದೆ, ಬರಗಿನ ಹೆಸರು ಮರೆತಿಲ್ಲ. ಒಬ್ಬರು ಮಾಡಿದ ತಪ್ಪಿನ ದಂಡವನ್ನು ಆ ಧಾನ್ಯ ಮಾರುವವರೆಲ್ಲ ಕಟ್ಟುತ್ತಾರೆ. ನಿಮ್ಮ ಹಣದಲ್ಲಿ ಮೊದಲ ಪಾಲು ಕಲ್ಲು ತೆಗೆಯುವುದಕ್ಕೆ, ಹೊಟ್ಟು ನೆಟ್ಟಗೆ ಬಿಡಿಸುವುದಕ್ಕೆ ಹೋಗಲಿ. ದೋಸೆ ಮಿಕ್ಸಿನಲ್ಲಿ ಸಜ್ಜೆ ಹಿಟ್ಟು ಸೇರಿಸುತ್ತಿದ್ದರೆ ಇನ್ನೂ ಎಚ್ಚರ ಬೇಕು. ಅದರಲ್ಲಿರುವ ಎಣ್ಣೆಯಂಶದಿಂದ ಹಿಟ್ಟು ಬೇಗ ಕಹಿಯಾಗುತ್ತದೆ, ಮೇಳದಿಂದ ಮೇಳಕ್ಕೆ ಉಳಿಸಿಕೊಂಡು ಹೋಗುವ ಸರಕಲ್ಲ ಅದು.

ಮನೆಯಲ್ಲಿ ತೀರ್ಮಾನ ಒಬ್ಬರದ್ದಲ್ಲ ಎಂಬುದನ್ನೂ ಮರೆಯಬಾರದು. ಕೊಳ್ಳುವ ಉದ್ದೇಶದಲ್ಲಿ ಸ್ವಂತ ಧೋರಣೆಯಷ್ಟೇ ‘ನನ್ನವರು ಏನನ್ನುತ್ತಾರೆ’ ಎಂಬುದೂ, ‘ನನ್ನ ಕೈಲಾಗುತ್ತದೆಯೇ’ ಎಂಬುದೂ ಸೇರಿರುತ್ತದೆ ಎಂದು ಐಜೆನ್ ಮುಂದೆ ತನ್ನ ಸಿದ್ಧಾಂತವನ್ನು ವಿಸ್ತರಿಸಿದ. ‘ಅನ್ನ ಇಲ್ಲದ ಮೇಲೆ ಅದೆಂಥ ಊಟ’ ಎನ್ನುವ ಮಾವ, ರಾತ್ರಿ ನೆನೆಸುವುದನ್ನು ಮರೆತ ಸೊಸೆ, ಇವರಿಬ್ಬರೂ ನಿಮ್ಮ ಪ್ರತಿಸ್ಪರ್ಧಿಗಳು. ಮಾವನ ಜೊತೆ ವಾದಕ್ಕೆ ಇಳಿಯಬೇಡಿ. ಅನ್ನವನ್ನು ಅವರ ತಟ್ಟೆಯಿಂದ ತೆಗೆಯಿರೆಂದು ಹೇಳದೆ, ಬೆಳಗಿನ ತಿಂಡಿಯಲ್ಲಿ ಜಾಗ ಕೇಳಿ. ಉಪ್ಪಿಟ್ಟು, ದೋಸೆ, ಪೊಂಗಲ್ಲುಗಳಲ್ಲಿ ಧಾನ್ಯ ಬದಲಾದರೆ ನಮ್ಮ ಮನೆಗಳಲ್ಲಿ ಯಾರೂ ಜಗಳವಾಡುವುದಿಲ್ಲ. ಮಕ್ಕಳ ವಿಷಯಕ್ಕೆ ತಾಳ್ಮೆ ಬೇಕು: ಹೊಸ ರುಚಿಯನ್ನು ಒಪ್ಪಿಕೊಳ್ಳುವ ಮೊದಲು ಪುಟ್ಟ ಮಕ್ಕಳಿಗೆ ಅದನ್ನು ಹತ್ತರ ಹತ್ತಿರ ಸಲ, ಬಲವಂತವಿಲ್ಲದೆ, ಸ್ವಲ್ಪ ಸ್ವಲ್ಪವೇ ಕೊಡಬೇಕಾಗಬಹುದು. ಎರಡು ಸಲಕ್ಕೆ ಕೈಬಿಡುವ ತಾಯಂದಿರೇ ಹೆಚ್ಚು. ಇದನ್ನು ಮಳಿಗೆಯಲ್ಲೇ ಹೇಳಿಬಿಡಿ. ಮೊದಲೇ ಗೊತ್ತಿದ್ದರೆ ಎರಡನೇ ಸಲದ ತಿರಸ್ಕಾರ ಸೋಲಾಗಿ ಕಾಣುವುದಿಲ್ಲ.

ಹಾಗಾದರೆ 20,000 ರೂಪಾಯಿಯನ್ನು ಏನು ಮಾಡಬೇಕು ಎಂದರೆ, ಫ್ಲೆಕ್ಸಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಕಲ್ಲು, ಹೊಟ್ಟಿನ ಖರ್ಚು ಕಳೆದ ಮೇಲೆ ಉಳಿದದ್ದರಲ್ಲಿ, ಒಂದು ಕೆಜಿ ಪೊಟ್ಟಣದ ಜೊತೆಗೆ ನಾಲ್ಕು ಜನರ ಒಂದು ಹೊತ್ತಿನ ತಿಂಡಿಗಾಗುವ 200 ಗ್ರಾಂ ಪೊಟ್ಟಣ ಮಾಡಿಸಿ. ಹೊಸಬರಿಗೆ ದೊಡ್ಡದನ್ನು ಮಾರಲೇಬೇಡಿ. ಸಣ್ಣದು ಆ ವಾರವೇ ಮುಗಿಯುತ್ತದೆ, ಹುಳ ಬೀಳಲು ಬಿಡುವುದಿಲ್ಲ, ಮನೆಯಲ್ಲಿ ‘ನಾವೂ ನವಣೆ ತಿಂದೆವು’ ಎಂಬ ಒಂದು ಮುಗಿದ ಅನುಭವವನ್ನು ಉಳಿಸುತ್ತದೆ. ಅದರ ಮೇಲೆ ಒಂದೇ ಅಡುಗೆ ಬರೆಯಿರಿ, ಐದಲ್ಲ. ಎಷ್ಟು ನೀರು, ಎಷ್ಟು ಹೊತ್ತು ನೆನೆ, ಎಷ್ಟು ಕೂಗು ಎಂಬುದನ್ನು ಪುಸ್ತಕದಿಂದ ಎತ್ತಿಕೊಳ್ಳಬೇಡಿ, ಏಕೆಂದರೆ ಪಾಲಿಶ್ ಹೆಚ್ಚುಕಡಿಮೆಯಾದರೆ ಅಳತೆಯೂ ಬದಲಾಗುತ್ತದೆ; ನಿಮ್ಮ ಸಂಘದ ಮೂವರು ಮೂರು ಬಗೆಯ ಕುಕ್ಕರಿನಲ್ಲಿ ನಿಮ್ಮದೇ ನವಣೆಯನ್ನು ಬೇಯಿಸಿ, ಬಂದ ಅಳತೆಯನ್ನು ಬರೆಯಿರಿ. ಮೇಳಗಳನ್ನು ಕಡಿಮೆ ಮಾಡಿ, ತುಮಕೂರಿನಲ್ಲೋ ಬೆಂಗಳೂರಿನ ಒಂದೇ ಬಡಾವಣೆಯಲ್ಲೋ ವಾರದ ಒಂದೇ ದಿನ, ಒಂದೇ ಜಾಗದಲ್ಲಿ, ಒಂದೇ ಮುಖಗಳು ಕೂರುವಂತೆ ಮಾಡಿ. ಪದೇಪದೇ ಕಣ್ಣಿಗೆ ಬಿದ್ದದ್ದರ ಮೇಲೆ, ಬೇರೆ ಯಾವ ಕಾರಣವೂ ಇಲ್ಲದೆ, ಒಲವು ಬೆಳೆಯುತ್ತದೆ ಎಂದು ರಾಬರ್ಟ್ ಜಾಯನ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿ ತೋರಿಸಿದ. ಅಲ್ಲದೆ, ದೋಸೆ ಕಲ್ಲಿಗೆ ಅಂಟಿತು ಎಂದು ದೂರಲು ಬಂದವರಿಗೆ ಅಲ್ಲಿ ಯಾರಾದರೂ ಸಿಗುತ್ತಾರೆ.

ಹಾಗೆ ಬಂದವರನ್ನು ‘ಚೆನ್ನಾಗಿತ್ತಾ?’ ಎಂದು ಮಾತ್ರ ಕೇಳಬೇಡಿ. ‘ಯಾವತ್ತು ಮಾಡಿದ್ರಿ, ಯಾರ್ಯಾರು ತಿಂದ್ರು, ಪೊಟ್ಟಣದಲ್ಲಿ ಇನ್ನೆಷ್ಟು ಉಳಿದಿದೆ?’ ಎಂದು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ತಿಂಗಳಾದ ಮೇಲೆ ಆ ನೋಟ್‌ಬುಕ್ಕಿನ ಪ್ರತಿಯನ್ನು ನನಗೆ ಕಳಿಸಿದರೆ, ಯಾವ ಸಾಲನ್ನು ತಿದ್ದಬೇಕೆಂದು ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.